ಪಾರ್ಕಿನ್ಸನ್‌ನಿಂದ ಬೇಗ ಸಾಯುವವರು ನಮ್ಮಲ್ಲಿ ನಿಜಕ್ಕೂ ಕಮ್ಮಿಯಾ?

ಪ್ರಶ್ನೆ: ನನ್ನ ಅಪ್ಪನಿಗೆ 71 ವರ್ಷ, ಪಾರ್ಕಿನ್ಸನ್ (ಕೈಕಾಲು ನಡುಗಿ, ಓಡಾಟ ನಿಧಾನವಾಗುವ ಮೆದುಳಿನ ಕಾಯಿಲೆ) ಇದೆ. ಈ ಕಾಯಿಲೆಯಿಂದ ಬೇಗ ಸಾಯುವವರ ಲೆಕ್ಕವನ್ನು ದೇಶವಾರು ನೋಡಿದೆ. ಶ್ರೀಮಂತ ದೇಶಗಳಲ್ಲೇ ಜಾಸ್ತಿ ಕಾಣುತ್ತದೆ. ಹಾಗಾದ್ರೆ ನಾವು ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಅಲ್ವಾ? – ಓದುಗರು, ಉಡುಪಿ

ಹೆದರಬೇಡಿ. ಆದರೆ ಆ ಲೆಕ್ಕವನ್ನು ನಂಬಿ ಸುಮ್ನೆ ಕೂರಲೂಬೇಡಿ.

ಮೊದಲು, ಯಾವ ವಯಸ್ಸಿಗೆ ಗೆರೆ ಎಳೆದಿದ್ದಾರೆ ನೋಡಿ. ಆ ವಯಸ್ಸಿಗೆ ಮುಂಚೆ ತೀರಿಕೊಂಡವರನ್ನು ಮಾತ್ರ 'ಬೇಗ ಸತ್ತವರು' ಅಂತ ಎಣಿಸಿ, ಎಷ್ಟು ವರ್ಷ ಮುಂಚೆ ಅನ್ನುವುದನ್ನು ಕೂಡುತ್ತಾರೆ. ಕೆಲವು ಲೆಕ್ಕಗಳಲ್ಲಿ ಅದು 70, ಕೆಲವದರಲ್ಲಿ 75. 62ಕ್ಕೆ ತೀರಿಕೊಂಡವರು ಮೊದಲನೆಯದರಲ್ಲಿ 8 ವರ್ಷ ಕಳೆದುಕೊಂಡ ಹಾಗೆ, ಎರಡನೆಯದರಲ್ಲಿ 13 ವರ್ಷ. 78ಕ್ಕೆ ತೀರಿಕೊಂಡವರು ಎರಡರಲ್ಲೂ ಇಲ್ಲ. ಪಾರ್ಕಿನ್ಸನ್ ಹೆಚ್ಚಾಗಿ 60ರ ಆಸುಪಾಸಿನಲ್ಲಿ ಶುರುವಾಗಿ ಎಷ್ಟೋ ವರ್ಷ ಜೊತೆಗಿರುವ ಕಾಯಿಲೆ. ಹಾಗಾಗಿ ಇದರ ಸಾವುಗಳಲ್ಲಿ ದೊಡ್ಡ ಪಾಲು ಆ ಗೆರೆಯ ಆಚೆಗೇ ಉಳಿಯುತ್ತದೆ. ಜಪಾನಿನಂತೆ ವಯಸ್ಸಾದವರೇ ತುಂಬಿರುವ ದೇಶವನ್ನು ನಮ್ಮ ಜೊತೆ ಹೋಲಿಸುವಾಗ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ್ದಾರಾ ಅಂತಲೂ ನೋಡಬೇಕು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಸಾವಿನ ಕಾರಣ ಬರೆಯುವ ಕಾಗದ. ಪಾರ್ಕಿನ್ಸನ್ ಬಲಿತಾಗ ನುಂಗುವ ಸ್ನಾಯುಗಳು ನಿಧಾನವಾಗುತ್ತವೆ. ಗಂಜಿಯ ತಿಳಿ, ನೀರು, ಕೆಲವೊಮ್ಮೆ ಸ್ವಂತ ಎಂಜಲೇ ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಮೋನಿಯಾ ಆಗುತ್ತದೆ. ವೈದ್ಯರು ತುಂಬುವ ಫಾರಂನಲ್ಲಿ ಮೇಲಿನ ಸಾಲು ತಕ್ಷಣದ ಕಾರಣಕ್ಕೆ, ಕೆಳಗಿನ ಸಾಲು ಮೂಲ ಕಾರಣಕ್ಕೆ. ಮೇಲೆ ನಿಮೋನಿಯಾ, ಕೆಳಗೆ ಪಾರ್ಕಿನ್ಸನ್ ಅಂತ ಬರೆದರೆ ಸಾವು ಪಾರ್ಕಿನ್ಸನ್ ಲೆಕ್ಕಕ್ಕೆ. ಬರೀ ನಿಮೋನಿಯಾ ಅಂದರೆ ನಿಮೋನಿಯಾ ಲೆಕ್ಕಕ್ಕೆ. ಮನೆಯಲ್ಲೇ ತೀರಿಕೊಂಡ ಅಜ್ಜನಿಗೆ 'ವಯಸ್ಸಾಗಿತ್ತು' ಅಂದುಬಿಟ್ಟರೆ ಕಾಯಿಲೆಯ ಸುಳಿವೇ ಇರುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5ಕ್ಕೆ ಮಾತ್ರ. ಉಳಿದದ್ದು ಅಂದಾಜು. ಕಾರಣವನ್ನು ಶ್ರದ್ಧೆಯಿಂದ ಬರೆದಿಡುವ ದೇಶದಲ್ಲಿ ಸಂಖ್ಯೆ ಜಾಸ್ತಿ ಕಾಣುವುದು ಸಹಜ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು, ಇದರಿಂದ 3.29 ಲಕ್ಷ ಜನ ತೀರಿಕೊಂಡರು. 2000ಕ್ಕೆ ಹೋಲಿಸಿದರೆ ಸಾವು ಎರಡು ಪಟ್ಟಿಗೂ ಹೆಚ್ಚು.

ಈಗ ನಿಮ್ಮ ಅಪ್ಪನ ವಿಷಯ. ಈ ಕಾಯಿಲೆಯ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರೆ ನಮ್ಮೂರಿನ ಮೆಡಿಕಲ್‌ನಲ್ಲೇ ಸಿಗುತ್ತದೆ, ಇದು ದೊಡ್ಡ ಪುಣ್ಯ. ಎಷ್ಟೋ ಬಡ ದೇಶಗಳಲ್ಲಿ ಅದೂ ಸಿಗುವುದಿಲ್ಲ. ಹೊತ್ತು ತಪ್ಪಿಸದೆ ಕೊಡಿ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ನೀರು ಕುಡಿಯುವಾಗ ಕೆಮ್ಮು ಬರುತ್ತದಾ, ಉಂಡ ಮೇಲೆ ಗಂಟಲಲ್ಲಿ ನೀರು ನಿಂತ ಹಾಗೆ ದನಿ ಕೇಳಿಸುತ್ತದಾ ಗಮನಿಸಿ. ಹಾಗಿದ್ದರೆ ತಡ ಮಾಡಬೇಡಿ. ಮಣಿಪಾಲ, ಮಂಗಳೂರಿನಲ್ಲಿ ಸ್ಪೀಚ್ ಥೆರಪಿ ಕಲಿಸುವ ಕಾಲೇಜುಗಳೇ ಇವೆ. ನುಂಗುವ ತೊಂದರೆಯನ್ನು ನೋಡುವವರೂ ಈ ಥೆರಪಿಸ್ಟ್‌ಗಳೇ. ಅಪ್ಪನನ್ನು ಯಾವ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿದರೂ, ಅಲ್ಲೂ ಹೊತ್ತು ತಪ್ಪದ ಹಾಗೆ ಮಾತ್ರೆಯ ಹೆಸರು ಮತ್ತು ಹೊತ್ತು ಬರೆದ ಚೀಟಿಯನ್ನು ಮೊದಲು ನರ್ಸ್ ಕೈಗೆ ಕೊಡಿ.