ಗಾಳಿ ತಿರುಗುವ ಮೊದಲೇ ಹೊರಟ ವಾಸ್ಕೋ ಡ ಗಾಮ

ಅಕ್ಟೋಬರ್ ಮೊದಲ ವಾರದಲ್ಲಿ ಒಮ್ಮೆ ಕಾರವಾರದ ಕಡಲ ದಂಡೆಗೆ ಹೋಗಿ ನಿಂತು ನೋಡಿ. ಮುಂಗಾರಿನ ಅಬ್ಬರ ಮುಗಿದಿರುತ್ತದೆ. ಬೆಳಿಗ್ಗೆ ನೆಲದ ಕಡೆಯಿಂದ ಒಂದಿಷ್ಟು ಗಾಳಿ, ಮಧ್ಯಾಹ್ನ ಕಡಲ ಕಡೆಯಿಂದ ಒಂದಿಷ್ಟು, ನಡುವೆ ಎಲ್ಲ ಸ್ತಬ್ಧ. ದೋಣಿಯ ಮೇಲಿನ ಬಾವುಟ ಸುಮ್ನೆ ಜೋತು ಬಿದ್ದಿರುತ್ತದೆ. ದಂಡೆಯಲ್ಲಿ ನಿಂತವರಿಗೆ ಹಿತ. ಹಾಯಿ ಹಡಗಿನಲ್ಲಿ ಆಫ್ರಿಕಾಕ್ಕೆ ಹೋಗಬೇಕಾದವರಿಗೆ ಸಂಕಟ.

1498ರ ಅಕ್ಟೋಬರ್ 5ರಂದು ವಾಸ್ಕೋ ಡ ಗಾಮ ಊರಿಗೆ ಹೊರಟದ್ದು ಇಲ್ಲಿಂದಲೇ, ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಿಂದ. ಹಡಗಿನ ತಳ ಕೆರೆದು ಸರಿ ಮಾಡಿಸಿದ್ದ. ದ್ವೀಪದಲ್ಲಿದ್ದ ಕಲ್ಲು ಕಟ್ಟಿದ ಕೊಳದಿಂದ ನೀರು ತುಂಬಿಸಿಕೊಂಡಿದ್ದ. ಆಫ್ರಿಕಾದ ಮಲಿಂಡಿಯಿಂದ ನಮ್ಮ ಕಡೆಯ ನೆಲ ಕಣ್ಣಿಗೆ ಬೀಳುವವರೆಗೆ ಬರುವಾಗ ಅವನಿಗೆ ಹಿಡಿದದ್ದು ನಾಲ್ಕು ವಾರವೂ ಅಲ್ಲ. ಅದೇ ಕಡಲನ್ನು ವಾಪಸ್ ದಾಟಲು ಮೂರು ತಿಂಗಳಿಗೆ ಮೂರು ದಿನ ಕಡಿಮೆ ಹಿಡಿಯಿತು ಎಂದು ಜೊತೆಗಿದ್ದವನೊಬ್ಬ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ತಾಜಾ ಹಣ್ಣು, ಸೊಪ್ಪು ಇಲ್ಲದೆ ಸ್ಕರ್ವಿ ಬಂತು. ಒಸಡು ಊದಿ ಹಲ್ಲನ್ನೇ ಮುಚ್ಚುವ, ಹಳೆಯ ಗಾಯ ಮತ್ತೆ ಬಾಯಿ ಬಿಡುವ ಕಾಯಿಲೆ ಅದು. ಆ ದಾರಿಯಲ್ಲಿ ಸುಮಾರು 30 ಮಂದಿ ಸತ್ತರು. ಒಂದೊಂದು ಹಡಗು ನಡೆಸಲು ಉಳಿದವರು ಏಳೆಂಟು ಜನ. ಕೊನೆಗೆ ಆಳು ಸಾಲದೆ ಒಂದು ಹಡಗನ್ನು ತಾವೇ ಸುಟ್ಟು ಹಾಕಿದರು.

ಇನ್ನೊಂದೆರಡು ತಿಂಗಳು ಕಾದಿದ್ದರೆ ಸಾಕಿತ್ತು. ಗಾಳಿಯೇ ಅವರನ್ನು ತಳ್ಳಿಕೊಂಡು ಹೋಗುತ್ತಿತ್ತು. ಆದರೆ ಗಾಮ ಕಲ್ಲಿಕೋಟೆಯಲ್ಲಿ ಮನಸ್ತಾಪ ಮಾಡಿಕೊಂಡು ಬಂದಿದ್ದ, ಕಾಯಲು ಧೈರ್ಯವಿರಲಿಲ್ಲ. ಗಾಳಿ ಬಂದಾಗ ತೂರಿಕೋ ಎಂದು ಕಣದಲ್ಲಿ ಹೇಳುವ ಮಾತನ್ನು ಅರಬ್ಬೀ ಕಡಲಿನ ಗುಜರಾತಿಗಳು, ಅರಬರು, ಮಲಬಾರಿನವರು ಎಷ್ಟೋ ನೂರು ವರ್ಷಗಳಿಂದ ನೀರಿನ ಮೇಲೆ ಪಾಲಿಸುತ್ತಿದ್ದರು. ಬರುವಾಗ ಗಾಮನಿಗೆ ದಾರಿ ತೋರಿಸಿದ್ದು ಕೂಡ ಮಲಿಂಡಿಯಲ್ಲಿ ಸಿಕ್ಕ ಅಂಥದೇ ಒಬ್ಬ ಬಲ್ಲವ.

ಈ ಕತೆ ಶಾಲೆಯಲ್ಲಿ ಹೇಳುವುದಿಲ್ಲ. ಅದರ ಬದಲು, ಭೂಮಿ ದುಂಡಗಿದೆ ಎಂದು ಕೊಲಂಬಸ್ ತೋರಿಸಿಕೊಟ್ಟ ಎಂಬ ಸುಳ್ಳು ಇವತ್ತಿಗೂ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಿದೆ. ನನಗೆ ನಿಜವಾಗಿ ಬೇಜಾರಾಗುತ್ತದೆ. ಅವನಿಗಿಂತ ಸಾವಿರ ವರ್ಷ ಹಿಂದೆ, 499ರಲ್ಲಿ, ಆರ್ಯಭಟ ಭೂಮಿಯನ್ನು ಸುತ್ತಲೂ ಎಸಳು ತುಂಬಿದ ಕದಂಬದ ಹೂವಿಗೆ ಹೋಲಿಸಿದ್ದ. ಗ್ರೀಕರು ಅದಕ್ಕೂ ಮೊದಲೇ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದರು. ಕೊಲಂಬಸ್ ಕಾಲದ ಓದಿದವರಲ್ಲಿ ಜಗಳ ಇದ್ದದ್ದು ಭೂಮಿ ಎಷ್ಟು ದೊಡ್ಡದು ಎಂಬುದಕ್ಕೆ. ಆ ಜಗಳದಲ್ಲಿ ಕೊಲಂಬಸ್ ಲೆಕ್ಕವೇ ತಪ್ಪು, ಅವನನ್ನು ವಿರೋಧಿಸಿದವರದೇ ಸರಿ.

ಹೋಗುವುದು ಯಾವತ್ತೂ ದೊಡ್ಡ ಕಷ್ಟವಾಗಿರಲಿಲ್ಲ. ಬೆನ್ನ ಹಿಂದೆ ಗಾಳಿ ಇದ್ದರೆ ಹಡಗು ಹೋಗೇ ಹೋಗುತ್ತದೆ. ವಾಪಸ್ ಬರುವುದು ಹೇಗೆ? ಅದು ಗೊತ್ತಾಗಬೇಕಾದರೆ ಗಾಳಿ ಯಾಕೆ ಹಾಗೆ ಬೀಸುತ್ತದೆ ಎಂದು ನೋಡಬೇಕು.

ಸಮಭಾಜಕದ ಹತ್ತಿರ ಕಾದ ಗಾಳಿ ಮೇಲೇರಿ, ಉತ್ತರಕ್ಕೂ ದಕ್ಷಿಣಕ್ಕೂ ಹರಿದು, 30 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಕೆಳಗಿಳಿಯುತ್ತದೆ. ಇಳಿದದ್ದರಲ್ಲಿ ಸ್ವಲ್ಪ ಸಮಭಾಜಕಕ್ಕೆ ವಾಪಸ್, ಸ್ವಲ್ಪ ಧ್ರುವದ ಕಡೆಗೆ. ಇಷ್ಟೇ ಆಗಿದ್ದರೆ ಗಾಳಿ ನೇರ ಉತ್ತರ ದಕ್ಷಿಣ ಬೀಸಬೇಕಿತ್ತು. ಆದರೆ ಕೆಳಗೆ ಭೂಮಿ ತಿರುಗುತ್ತಿದೆ. ಸಮಭಾಜಕದಲ್ಲಿ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತದೆ, ಲಿಸ್ಬನ್ನಿನಲ್ಲಿ ಸುಮಾರು 1,300. ಓಡುವ ಬಸ್ಸಿನಿಂದ ಇಳಿದವರು ಬಸ್ಸು ಹೋದ ದಿಕ್ಕಿಗೇ ನಾಲ್ಕು ಹೆಜ್ಜೆ ಓಡುತ್ತಾರೆ, ಅಲ್ವಾ? ಧ್ರುವದ ಕಡೆ ಹೊರಟ ಗಾಳಿಯ ಕತೆ ಅದೇ. ವೇಗದ ನೆಲ ಬಿಟ್ಟು ನಿಧಾನದ ನೆಲಕ್ಕೆ ಇಳಿಯುತ್ತದೆ, ಪೂರ್ವಕ್ಕೆ ಮುಂದೋಡುತ್ತದೆ. ಪಶ್ಚಿಮದಿಂದ ಬೀಸುವುದರಿಂದ ಇದು ಪಶ್ಚಿಮದ ಗಾಳಿ. ಸಮಭಾಜಕದ ಕಡೆ ಬರುವ ಗಾಳಿ ಓಡುವ ಬಸ್ಸು ಹತ್ತಲು ಹೋದವನ ಹಾಗೆ, ಹಿಂದೆ ಬೀಳುತ್ತದೆ. ಇದು ಪೂರ್ವದ ಗಾಳಿ, ವಾಣಿಜ್ಯ ಮಾರುತ.

ಬಸ್ಸಿನ ಹೋಲಿಕೆ ಅರ್ಧ ಮಾತ್ರ ಹೇಳುತ್ತದೆ. ಪಾರ್ಕಿನಲ್ಲಿ ಮಕ್ಕಳು ಕೂತು ತಿರುಗುವ ಚಕ್ರ ಇರುತ್ತದಲ್ಲ, ಅದು ಗಡಿಯಾರಕ್ಕೆ ಉಲ್ಟಾ ತಿರುಗುತ್ತಿರುವಾಗ ಎದುರು ಕೂತವರಿಗೆ ಚೆಂಡು ಎಸೆಯಿರಿ. ನೇರ ಎಸೆದರೂ ಚೆಂಡು ನಿಮ್ಮ ಬಲಕ್ಕೆ ಜಾರಿದ ಹಾಗೆ ಕಾಣುತ್ತದೆ. ಉತ್ತರಾರ್ಧದಲ್ಲಿ ಹೊರಟಿದ್ದೆಲ್ಲ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ನಮ್ಮ ಮುಂಗಾರು ಹುಟ್ಟುವುದೂ ಹೀಗೇ. ದಕ್ಷಿಣಾರ್ಧದ ಆಗ್ನೇಯ ಗಾಳಿ ಸಮಭಾಜಕ ದಾಟಿದ ಮೇಲೆ ಬಲಕ್ಕೆ ಹೊರಳಿ ನೈರುತ್ಯ ಮಾರುತವಾಗಿ ನಮ್ಮ ಕರಾವಳಿಗೆ ಬಡಿಯುತ್ತದೆ. ಚಳಿಗಾಲದಲ್ಲಿ ನೆಲ ತಣ್ಣಗಾಗಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಅಕ್ಟೋಬರ್ ಈ ಎರಡರ ನಡುವಿನ ಸಂದು. ಗಾಮ ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಅಟ್ಲಾಂಟಿಕ್‌ನಲ್ಲಿ ಮಾತ್ರ ಪೋರ್ಚುಗೀಸರು ಜಾಣರು. ಆಫ್ರಿಕಾದ ದಂಡೆ ಹಿಡಿದು ಕೆಳಗಿಳಿಯುವುದು ಸುಲಭ, ಗಾಳಿ ಹಿಂದಿನಿಂದ ತಳ್ಳುತ್ತದೆ. ಬರುವಾಗ ಅದೇ ಗಾಳಿ ಮುಖಕ್ಕೆ. ಆಗ ಅವರು ದಂಡೆ ಬಿಟ್ಟು, ಮನೆಗೆ ಬೆನ್ನು ಹಾಕಿ, ವಾಯವ್ಯಕ್ಕೆ ನಡುಗಡಲಿಗೆ ನುಗ್ಗುತ್ತಿದ್ದರು. ಅಜೋರ್ಸ್ ದ್ವೀಪಗಳ ಅಕ್ಷಾಂಶಕ್ಕೆ ಏರಿದ ಮೇಲೆ ಪಶ್ಚಿಮದ ಗಾಳಿ ಸಿಕ್ಕಿ ಲಿಸ್ಬನ್ನಿಗೆ ತಂದು ಬಿಡುತ್ತಿತ್ತು. ಇದಕ್ಕೆ ವೋಲ್ಟಾ ದೊ ಮಾರ್ ಎಂದು ಹೆಸರು, ಕಡಲ ಸುತ್ತು ಎಂದಿಟ್ಟುಕೊಳ್ಳಿ. ಕೊಲಂಬಸ್ 1492ರಲ್ಲಿ ಮೊದಲು ದಕ್ಷಿಣದ ಕ್ಯಾನರಿ ದ್ವೀಪಗಳಿಗೆ ಇಳಿದು ಪೂರ್ವದ ಗಾಳಿ ಹಿಡಿದ, ವಾಪಸ್ ಬರುವಾಗ ಉತ್ತರಕ್ಕೇರಿ ಪಶ್ಚಿಮದ ಗಾಳಿ ಹಿಡಿದ. 1497ರಲ್ಲಿ ಗಾಮ ದಕ್ಷಿಣದಲ್ಲೂ ಇಂಥದೇ ದೊಡ್ಡ ಸುತ್ತು ಹಾಕಿ, ಸುಮಾರು ಮೂರು ತಿಂಗಳು ನೆಲವನ್ನೇ ನೋಡದೆ ಆಫ್ರಿಕಾದ ತುದಿಯ ಹತ್ತಿರ ಬಂದ. ಕೊಲಂಬಸ್ ನೆಲ ಕಾಣದೆ ಇದ್ದದ್ದು ಐದು ವಾರದಷ್ಟು.

ಪೆಸಿಫಿಕ್‌ನಲ್ಲಿ ವಾಪಸ್ ಬರುವ ದಾರಿ ನಾಲ್ಕು ದಶಕ ಯಾರಿಗೂ ಸಿಗಲಿಲ್ಲ. 1565ರಲ್ಲಿ ಉರ್ದನೇತಾ ಎಂಬ ಪಾದ್ರಿ ಫಿಲಿಪ್ಪೀನ್ಸ್‌ನಿಂದ ಜಪಾನಿನ ಅಕ್ಷಾಂಶದವರೆಗೆ ಏರಿ ಪಶ್ಚಿಮದ ಗಾಳಿ ಹಿಡಿದು ಮೆಕ್ಸಿಕೋದ ಅಕಾಪುಲ್ಕೋ ತಲುಪಿದ. ಮುಂದಿನ 250 ವರ್ಷ ಅಮೆರಿಕದ ಬೆಳ್ಳಿ ಅಕಾಪುಲ್ಕೋದಿಂದ ಮನಿಲಾಕ್ಕೆ, ಅಲ್ಲಿಂದ ಚೀನಾಕ್ಕೆ ಹರಿಯಿತು. ಹಡಗುಗಳು ಚೀನಾದ ರೇಷ್ಮೆ ಹೊತ್ತು ಉರ್ದನೇತಾನ ದಾರಿಯಲ್ಲೇ ಮರಳಿದವು.

ಅಟ್ಲಾಂಟಿಕ್‌ನ ಗಾಳಿಯ ಚಕ್ರ ಮನುಷ್ಯರನ್ನೂ ಸಾಗಿಸಿತು. ಯುರೋಪಿನ ಸರಕು ಆಫ್ರಿಕಾಕ್ಕೆ, ಆಫ್ರಿಕಾದ ಜನ ಅಮೆರಿಕಕ್ಕೆ, ಅಮೆರಿಕದ ಸಕ್ಕರೆ ಯುರೋಪಿಗೆ. ಮೂರೂ ಸಾಲು ಬಹುಪಾಲು ಗಾಳಿ ಬೀಸುವ ದಿಕ್ಕಿಗೇ. ಸುಮಾರು 1.25 ಕೋಟಿ ಜನರನ್ನು ಗುಲಾಮರನ್ನಾಗಿ ಹಡಗು ಹತ್ತಿಸಿದರು. ಇದನ್ನು ಬರೆಯುವಾಗ ಗಾಳಿಯ ಲೆಕ್ಕದ ಖುಷಿಯೆಲ್ಲ ಇಳಿದು ಹೋಗುತ್ತದೆ.

ಗಾಮನ ಸುತ್ತನ್ನೇ ಇನ್ನೂ ಅಗಲವಾಗಿ ಹಾಕಿದ ಇನ್ನೊಬ್ಬ ಪೋರ್ಚುಗೀಸ್ ನಾವಿಕ ಕಬ್ರಾಲ್ 1500ರ ಏಪ್ರಿಲ್ 22ರಂದು ಬ್ರೆಜಿಲ್ ಕರಾವಳಿ ಕಂಡ. ಪೋರ್ಚುಗಲ್‌ನಲ್ಲಿರುವುದು ಒಂದು ಕೋಟಿ ಜನ, ಬ್ರೆಜಿಲ್‌ನಲ್ಲಿ ಪೋರ್ಚುಗೀಸ್ ಭಾಷೆ ಆಡುವವರು 20 ಕೋಟಿಗೂ ಜಾಸ್ತಿ. ಅಲ್ಲಿಂದ ಕಬ್ರಾಲ್ ಕೇರಳಕ್ಕೆ ಬಂದು ಮೆಣಸು ತುಂಬಿಕೊಂಡ. ಹೊರಟದ್ದು ಜನವರಿಯಲ್ಲಿ, ಗಾಳಿ ತಿರುಗಿದ ಮೇಲೆ. ಬ್ರೆಜಿಲ್‌ನ ಒಂದು ಮರವೂ ಮುಂದೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದಂಡೆಗೆ ಇಳಿಯಿತು. ಅಂಕೋಲಾ, ಕುಮಟಾ ಕಡೆಯ ಗುಡ್ಡಗಳಲ್ಲಿ ಏಪ್ರಿಲ್ ಬಂದರೆ ಹಳದಿ, ಕೆಂಪು ಹಣ್ಣಿನ ತುದಿಗೆ ಬೀಜ ಜೋತು ಬೀಳುತ್ತದಲ್ಲ, ಆ ಗೇರು. ಕಾಜು ಬರ್ಫಿಯ ಕಾಜು ಬ್ರೆಜಿಲ್‌ನ ತುಪಿ ಜನರ ಮಾತು.