ಸಜ್ಜಾ ಬೇಡ ಅನ್ನುವ ಮೊದಲು

ಜಗತ್ತಿನ ಅತಿ ಹೆಸರುವಾಸಿಯಾದ ಸೋರುವ ಮನೆ ಇರುವುದು ಪ್ಯಾರಿಸ್ ಹತ್ತಿರದ ಪ್ವಾಸಿ ಎಂಬ ಊರಿನಲ್ಲಿ. ಹೆಸರು ವಿಲ್ಲಾ ಸವೋಯ್. ಆರ್ಕಿಟೆಕ್ಚರ್ ಓದುವವರು ಮೊದಮೊದಲು ಚಿತ್ರ ಬಿಡಿಸುವ ಮನೆಗಳಲ್ಲಿ ಇದೂ ಒಂದು. ನಾನೂ ಬಿಡಿಸಿದ್ದೆ. ಅದು ಸೋರುತ್ತಿತ್ತು ಅಂತ ಆಗ ಯಾರೂ ಹೇಳಲಿಲ್ಲ.

1928ರಲ್ಲಿ ಪಿಯೆರ್ ಮತ್ತು ಯುಜೆನಿ ಸವೋಯ್ ಎಂಬ ದಂಪತಿ ವಾರಾಂತ್ಯ ಕಳೆಯಲು ಒಂದು ಮನೆ ಬೇಕೆಂದು ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಬಳಿ ಬಂದರು. 1931ರ ಹೊತ್ತಿಗೆ ಮನೆ ಎದ್ದು ನಿಂತಿತು. ತೆಳು ಕಂಬಗಳ ಮೇಲೆ ಒಂದು ಬಿಳಿ ಡಬ್ಬಿ. ಗೋಡೆಯ ಉದ್ದಕ್ಕೂ ಪಟ್ಟಿಯಂಥ ಕಿಟಕಿ. ಮಹಡಿ ಹತ್ತಲು ಮೆಟ್ಟಿಲೂ ಉಂಟು, ರ‍್ಯಾಂಪೂ ಉಂಟು. ಮೇಲೆ ಚಪ್ಪಟೆ ತಾರಸಿ. ಕೆಳಗಡೆ ಗಾಜಿನ ಗೋಡೆ ಅರ್ಧ ಚಂದ್ರದ ಹಾಗೆ ಬಾಗಿದೆ. ಯಾಕೆ ಗೊತ್ತಾ? ಯಜಮಾನರ ಕಾರು ತಿರುಗಲು ಎಷ್ಟು ಜಾಗ ಬೇಕೋ ಅಷ್ಟಕ್ಕೇ ಆ ಬಾಗಿನ ಅಳತೆ.

ಇದರ ಹಿಂದಿನ ಲೆಕ್ಕ ಸರಳ. ಭಾರವೆಲ್ಲ ಕಂಬಕ್ಕೆ. ಗೋಡೆ ಏನೂ ಹೊರಬೇಕಿಲ್ಲ. ಹಾಗಾಗಿ ಗೋಡೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಷ್ಟು ಉದ್ದ ಬೇಕಾದರೂ ಕಿಟಕಿ ಕೊರೆಯಬಹುದು. ಬೆಂಗಳೂರಿನ 30-40 ಸೈಟಿನಲ್ಲಿ ಸ್ಟಿಲ್ಟ್ ಪಾರ್ಕಿಂಗ್ (ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗ) ಮೇಲೆ ಕೂತಿರುವ ಮನೆಗಳೂ ಇದೇ ವಂಶದವು, ಸ್ವಲ್ಪ ದೂರದ ನೆಂಟರು.

ಮನೆಗೆ ಬಂದ ಸವೋಯ್ ಕುಟುಂಬಕ್ಕೆ ಸೋರಿಕೆಯ ಕಾಟ ಬೇಗನೆ ಶುರುವಾಯಿತು. 1936ರಲ್ಲಿ ಯುಜೆನಿ ಬರೆದ ಕಾಗದದಲ್ಲಿ ಪಟ್ಟಿಯೇ ಇದೆ: ಹಾಲ್‌ನಲ್ಲಿ ಮಳೆ, ರ‍್ಯಾಂಪ್ ಮೇಲೆ ಮಳೆ, ಗ್ಯಾರೇಜ್ ಗೋಡೆ ಪೂರ್ತಿ ಒದ್ದೆ, ಸ್ನಾನದ ಮನೆಗೆ ಸ್ಕೈಲೈಟಿನಿಂದ, ಅಂದರೆ ಸೂರಿನ ಗಾಜಿನ ಕಿಂಡಿಯಿಂದ, ನೀರು. ಆ ಸ್ಕೈಲೈಟ್ ಮೇಲೆ ಮಳೆ ಬೀಳುವ ಸದ್ದಿಗೆ ರಾತ್ರಿ ನಿದ್ದೆಯೂ ಇಲ್ಲ ಅಂತ ಅವರ ದೂರು. ಮರುವರ್ಷ ಮಾತು ವಕೀಲರವರೆಗೂ ಹೋಯಿತು. ಅಷ್ಟರಲ್ಲಿ ಯುದ್ಧ ಬಂತು. 1940ರಲ್ಲಿ ಕುಟುಂಬ ಮನೆ ಬಿಟ್ಟು ಹೋಯಿತು. ಈಗ ಅದು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 2016ರಲ್ಲಿ ಅದರ ಜೊತೆಗೇ ಲೆ ಕಾರ್ಬೂಸಿಯೆ ಅವರದೇ ಆದ ಚಂಡೀಗಢದ ಕ್ಯಾಪಿಟಲ್ ಕಟ್ಟಡಗಳೂ ಸೇರಿದವು.

ಹಾಗಾದರೆ ಚಪ್ಪಟೆ ತಾರಸಿಯೇ ತಪ್ಪಾ? ಅಲ್ಲ. ವಿಜಯಪುರ, ಕಲಬುರಗಿ ಕಡೆಯ ಮಣ್ಣಿನ ಮಾಳಿಗೆಗಳೂ ಚಪ್ಪಟೆಯೇ. ಅಲ್ಲಿ ಮಳೆ ಕಡಿಮೆ, ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಬೀಳುತ್ತದೆ. ಮನೆಯವರಿಗೆ ಅದು ವರ್ಷವರ್ಷದ ಕೆಲಸ ಅಂತ ಗೊತ್ತು. ಪ್ವಾಸಿಯ ಮನೆಯಲ್ಲಿ ನನಗೆ ಕಾಣುವ ಎಡವಟ್ಟು ಬೇರೆ. ಹಳೆ ಮನೆಯ ಸೂರು, ಸಜ್ಜಾ (ಕಿಟಕಿಯ ಮೇಲೆ ಹೊರಗೆ ಚಾಚಿದ ಚಪ್ಪಡಿ), ಗೋಡೆಯ ಅಂಚಿನ ಪಟ್ಟಿ ಇವನ್ನೆಲ್ಲ ಬರೀ ಅಲಂಕಾರ ಅಂದುಕೊಂಡು ತೆಗೆದುಬಿಟ್ಟರು. ಅವು ಸುಮ್ನೆ ಇರಲಿಲ್ಲ, ಒಂದೊಂದಕ್ಕೂ ಒಂದು ಕೆಲಸ ಇತ್ತು.

ನೀರಿಗೆ ಅಂಟಿಕೊಂಡು ಹೋಗುವ ಚಟ. ಸಜ್ಜಾದ ತುದಿಗೆ ಬಂದ ಹನಿ ಕೆಳಗೆ ಬೀಳುವ ಬದಲು ಸಜ್ಜಾದ ಅಡಿಗೇ ಅಂಟಿಕೊಂಡು ಗೋಡೆಯ ಕಡೆ ಹರಿಯುತ್ತದೆ. ಅದಕ್ಕೇ ಮೇಸ್ತ್ರಿಗಳು ಸಜ್ಜಾದ ಅಡಿಯಲ್ಲಿ ಅರ್ಧ ಇಂಚಿನ ಒಂದು ಗೀರು ಎಳೆಯುತ್ತಾರೆ. ಹನಿ ಅಲ್ಲಿ ಕತ್ತರಿಸಿ ಬೀಳುತ್ತದೆ. ಸಜ್ಜಾನೇ ಇಲ್ಲದ ಬೋಳು ಗೋಡೆಯಲ್ಲಿ ಎಲ್ಲ ನೀರೂ ಸೀದಾ ಕಿಟಕಿಯ ಸಂದಿಗೆ.

ಇದನ್ನು ನಾನು ಕಲಿತದ್ದು ಬೇರೆಯವರ ದುಡ್ಡಿನಲ್ಲಿ. ವೃತ್ತಿಯ ಆರಂಭದಲ್ಲಿ ಒಂದು ಮನೆಯ ಪಶ್ಚಿಮದ ಗೋಡೆಗೆ ಸಜ್ಜಾ ಇಲ್ಲದ ಕಿಟಕಿಗಳನ್ನು ಇಟ್ಟೆ. ಎಲಿವೇಷನ್, ಅಂದರೆ ಮನೆಯ ಹೊರನೋಟ, ಏನೋ ಚೆನ್ನಾಗೇ ಬಂತು. ಮೊದಲ ಜೂನ್‌ನಲ್ಲೇ ಫೋನು: "ಸಾರ್, ಸ್ವಲ್ಪ ಬಂದು ನೋಡಿ." ಹಾಸಿಗೆಯ ಪಕ್ಕ ಬಕೆಟ್ ಇಟ್ಟಿದ್ದರು. ಕೊನೆಗೆ ತಗಡಿನ ಸಜ್ಜಾ ಹಾಕಿಸಿದ್ದಾಯಿತು. ಆ ಮನೆಯ ಫೋಟೋ ನಾನು ಯಾರಿಗೂ ತೋರಿಸುವುದಿಲ್ಲ.

ಲೆ ಕಾರ್ಬೂಸಿಯೆ ಕೂಡ ಪಾಠ ಕಲಿತರು ಅಂತಲೇ ನನ್ನ ಅನಿಸಿಕೆ. 1950ರ ದಶಕದಲ್ಲಿ ಚಂಡೀಗಢದ ಹೈಕೋರ್ಟಿಗೆ ಅವರು ಕೊಟ್ಟದ್ದು ಇಡೀ ಕಟ್ಟಡದ ಮೇಲೆ ಕೊಡೆಯ ಹಾಗೆ ಚಾಚಿದ ಎರಡನೇ ಸೂರು, ಮುಂದೆ ಬಿಸಿಲು ತಡೆಯುವ ಆಳವಾದ ಕಾಂಕ್ರೀಟ್ ಚೌಕಗಳು.

ಆದರೆ ನನ್ನ ಮೆಚ್ಚಿನದು ಪುದುಚೇರಿಯ ಗೋಲ್ಕೊಂಡ. ಅರವಿಂದ ಆಶ್ರಮದ ವಸತಿಗೃಹ. 1930ರ ದಶಕದ ನಡುವೆ ಅದರ ನಕ್ಷೆ ಮಾಡಿದವರು ಚೆಕ್ ಮೂಲದ ಆಂಟೊನಿನ್ ರೇಮಂಡ್. ಸ್ಥಳದಲ್ಲೇ ಇದ್ದು ಕಟ್ಟಿಸಿದವರಲ್ಲಿ ಆರ್ಕಿಟೆಕ್ಟ್ ಜಾರ್ಜ್ ನಕಾಶಿಮಾ ಒಬ್ಬರು. ಅದೂ ಕಾಂಕ್ರೀಟೇ, ಅದೂ ಅಲಂಕಾರವಿಲ್ಲದ ಆಧುನಿಕ ಕಟ್ಟಡವೇ. ಆದರೆ ಉತ್ತರ, ದಕ್ಷಿಣದ ಮುಖಗಳಲ್ಲಿ ಗೋಡೆಯ ಬದಲು ತೆರೆದು ಮುಚ್ಚುವ ಅಡ್ಡ ಪಟ್ಟಿಗಳಿವೆ. ಗಾಳಿ ಬೇಕೆಂದರೆ ತೆರೆಯಿರಿ, ಮಳೆ ಬಂದರೆ ಇಳಿಸಿ. ತಾರಸಿಯ ಮೇಲೆ ಬಾಗಿದ ಕಾಂಕ್ರೀಟ್ ಹೆಂಚಿನ ಇನ್ನೊಂದು ಸೂರು, ನಡುವೆ ಗಾಳಿಯಾಡುವ ಸಂದು. ಬಿಸಿಲು ಮೇಲಿನದಕ್ಕೆ, ತಂಪು ಕೆಳಗಿನದಕ್ಕೆ.

ಈಗಲೂ ಜನ ಮೊಬೈಲ್‌ನಲ್ಲಿ ಬಿಳಿ ಡಬ್ಬಿಯ ಫೋಟೋ ಹಿಡಿದು ಬರುತ್ತಾರೆ. ಕಟ್ಟಬಹುದು, ಬೇಡ ಅನ್ನುವುದಿಲ್ಲ. ಸಜ್ಜಾ ಬೇಡವಾದರೆ ಕಿಟಕಿಯನ್ನು ಗೋಡೆಯೊಳಗೆ ಒಂದಡಿ ಹಿಂದಕ್ಕೆ ತಳ್ಳೋಣ ಅನ್ನುತ್ತೇನೆ. ತಾರಸಿಗೆ 10 ಅಡಿಗೆ ಒಂದೂವರೆ ಇಂಚು ಇಳಿಜಾರು ಕೊಡಿಸಿ. ವಾಟರ್‌ಪ್ರೂಫಿಂಗ್ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ನೀರು ಕಟ್ಟಿ, ಎರಡು ದಿನ ಕೆಳಗಿನಿಂದ ನೋಡಿ. ನೀರಿಗೆ ಎಲ್ಲಿಗೆ ಹೋಗೋದು ಅಂತ ಕಂಟ್ರಾಕ್ಟರ್ ಗೊಣಗಿದರೆ, ಟ್ಯಾಂಕರ್ ದುಡ್ಡು ನಾನೇ ಕೊಡ್ತೀನಿ ಅನ್ನಿ.