ಸ್ಲೊವೇನಿಯಾ: ಹೊಳೆಗಳು ನೆಲದಡಿ ಹರಿಯುವ ದೇಶ

ಸ್ಲೊವೇನಿಯಾದ ತ್ಸೆರ್ಕ್ನಿತ್ಸಾ ಸರೋವರವನ್ನು ನೋಡಲು ಹೊರಟವರು ತಿಂಗಳು ನೋಡಿಕೊಂಡು ಹೋಗಬೇಕು. ಹಿಮ ಕರಗಿದ ಮೇಲೆ ಅಥವಾ ಶರತ್ಕಾಲದ ಜಡಿಮಳೆಯ ನಂತರ ಹೋದರೆ 20 ಚದರ ಕಿ.ಮೀ.ಗೂ ಮೀರಿ ಹರಡಿದ ನೀರು ಕಾಣುತ್ತದೆ. ಬೇಸಿಗೆಯ ಕೊನೆಗೆ ಹೋದರೆ ಅದೇ ಜಾಗದಲ್ಲಿ ಹುಲ್ಲು ಕೊಯ್ಯುತ್ತಿರುತ್ತಾರೆ.

ಈ ನೀರು ಬಿಸಿಲಿಗೆ ಆರಿ ಹೋಗುವುದಲ್ಲ, ತಳದ ಬಿಲಗಳಿಂದ ಇಳಿದು ಹೋಗುತ್ತದೆ. ಜೋರು ಮಳೆಯಾದಾಗ ಅಂಚಿನ ಬುಗ್ಗೆಗಳು ಎರಡು ಮೂರು ದಿನದಲ್ಲಿ ಸರೋವರವನ್ನು ತುಂಬಿಸುತ್ತವೆ. ಅಷ್ಟು ನೀರನ್ನು ಅದೇ ವೇಗದಲ್ಲಿ ನುಂಗುವ ಶಕ್ತಿ ಬಿಲಗಳಿಗಿಲ್ಲ. ಒಳಹರಿವು ನಿಂತ ಮೇಲೆ ಮೂರು ನಾಲ್ಕು ವಾರಗಳಲ್ಲಿ ಸರೋವರ ಖಾಲಿ. ಕೊನೆಯ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಸ್ಥಳೀಯ ಮೀನುಗಾರರು ಹಿಡಿದು ಬೇರೆ ನೀರಿಗೆ ಸಾಗಿಸುತ್ತಾರೆ. 1960ರ ದಶಕದ ಕೊನೆಯಲ್ಲಿ ಸರೋವರವನ್ನು ವರ್ಷವಿಡೀ ನಿಲ್ಲಿಸಬೇಕೆಂದು ಅಂಚಿನ ಕಾರ್ಲೊವಿತ್ಸಾ ಗುಹೆಗಳ ಬಾಯಿಗೆ ಕಾಂಕ್ರೀಟ್ ಗೋಡೆ ಕಟ್ಟಿದರು. ದೊಡ್ಡ ಬಾಯಿಗಳನ್ನು ಮುಚ್ಚಿದರೂ ತಳದ ನೂರಾರು ಸಣ್ಣ ಬಿಲಗಳು ತೆರೆದೇ ಇದ್ದವು. ಜರಡಿಯ ಎರಡು ತೂತು ಮುಚ್ಚಿದರೆ ನೀರು ನಿಲ್ಲುತ್ತದೆಯೇ?

ಸುಮಾರು 20,270 ಚದರ ಕಿ.ಮೀ. ವಿಸ್ತಾರದ ಈ ದೇಶದಲ್ಲಿ ಶೇ. 40ಕ್ಕೂ ಹೆಚ್ಚು ನೆಲ ಸುಣ್ಣಕಲ್ಲು ಮತ್ತು ಅದನ್ನೇ ಹೋಲುವ ಡಾಲೊಮೈಟ್ ಕಲ್ಲಿನದು. ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. ಇಂಥ ಭೂರಚನೆಗೆ ಜಗತ್ತಿನಾದ್ಯಂತ ಇರುವ ಕಾರ್ಸ್ಟ್ ಎಂಬ ಹೆಸರು ಬಂದದ್ದೇ ಇಲ್ಲಿನ ಕ್ರಾಸ್ ಪ್ರಸ್ಥಭೂಮಿಯಿಂದ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲ ಆಮ್ಲವಾಗುತ್ತದೆ, ಕಲ್ಲನ್ನು ಕರಗಿಸುತ್ತದೆ. ಆ ಶಕ್ತಿಯ ಬಹುಪಾಲು ಮೇಲಿನ ಕೆಲವು ಮೀಟರುಗಳಲ್ಲೇ ಖರ್ಚಾಗುತ್ತದೆ. ಆದರೆ ನೀರು ಇನ್ನಷ್ಟು ಕಲ್ಲನ್ನು ಕರಗಿಸಿಕೊಳ್ಳಲಾಗದ ಹಂತಕ್ಕೆ ಹತ್ತಿರವಾದಂತೆ ಕರಗಿಸುವ ವೇಗ ತೀರಾ ಕುಗ್ಗುವುದರಿಂದ, ಉಳಿದ ಚೂರು ಆಮ್ಲತೆ ಬಹಳ ಆಳದವರೆಗೂ ಉಳಿಯುತ್ತದೆ. ಯಾವ ಬಿರುಕು ಕೊಂಚ ಅಗಲವೋ ಅಲ್ಲಿ ಹೆಚ್ಚು ನೀರು, ಹೆಚ್ಚು ನೀರಿದ್ದಲ್ಲಿ ಇನ್ನಷ್ಟು ಅಗಲ. ಹೀಗೆ ಕೆಲವೇ ಬಿರುಕುಗಳು ಸುರಂಗಗಳಾಗಿ ಸುತ್ತಲಿನ ನೀರನ್ನೆಲ್ಲ ತಮ್ಮತ್ತ ಎಳೆದುಕೊಳ್ಳುತ್ತವೆ.

ತ್ಸೆರ್ಕ್ನಿತ್ಸಾದಲ್ಲಿ ಇಳಿದ ನೀರಿನ ಒಂದು ಭಾಗ ರಾಕ್ ಎಂಬ ಹೊಳೆಯಾಗಿ ಮೇಲೆ ಬಂದು, ಮತ್ತೆ ಮುಳುಗಿ, ಪ್ಲಾನಿನಾ ಗುಹೆಯ ಕತ್ತಲಲ್ಲಿ ಪೋಸ್ಟೋಯ್ನಾ ಕಡೆಯಿಂದ ಬರುವ ಪಿವ್ಕಾ ನದಿಯನ್ನು ಕೂಡುತ್ತದೆ. ಹೊರಬಂದಾಗ ಅದು ಉನಿತ್ಸಾ. ಅದೂ ಮುಳುಗಿ, ವ್ರ್‌ಹ್ನಿಕಾದ ಬುಗ್ಗೆಗಳಲ್ಲಿ ಎದ್ದು ರಾಜಧಾನಿಯ ಮೂಲಕ ಹರಿಯುವ ಲ್ಯುಬ್ಲಿಯಾನಿತ್ಸಾ ಆಗುತ್ತದೆ. ನೈಋತ್ಯದಲ್ಲಿ ರೇಕಾ ನದಿ ಶ್ಕೋತ್ಸ್ಯಾನ್ ಗುಹೆಗಳಲ್ಲಿ ಕಣ್ಮರೆಯಾಗಿ, ಮೂವತ್ತು ಕಿ.ಮೀ.ಗೂ ಹೆಚ್ಚು ದೂರ ನೆಲದಡಿ ಸಾಗಿ, ಇಟಲಿಯ ಕರಾವಳಿಯಲ್ಲಿ ಟಿಮಾವೊ ಬುಗ್ಗೆಗಳಾಗಿ ಹೊಮ್ಮುತ್ತದೆ. ಆ ಗುಹೆಗಳ ಮಾರ್ಟೆಲ್ ಸಭಾಂಗಣದ ಎತ್ತರ 146 ಮೀಟರ್. ಅದರಾಚೆಯ ದಾರಿ ಮಾತ್ರ ತೀರಾ ಕಿರಿದು. 1965ರ ಪ್ರವಾಹದಲ್ಲಿ ಗುಹೆಯೊಳಗೆ ನೀರು ನೂರು ಮೀಟರಿಗೂ ಮೇಲೆ ಏರಿತ್ತು.

ಮರಳಿನಲ್ಲಿ ಇಂಗುವ ನೀರು ನಿಧಾನವಾಗಿ ಸೋಸಿಕೊಳ್ಳುತ್ತದೆ. ಸುರಂಗದಲ್ಲಿ ಓಡುವ ನೀರಿಗೆ ಸೋಸುವವರಿಲ್ಲ. ಸುಣ್ಣಕಲ್ಲಿನ ಕುಳಿಗಳಲ್ಲಿ ಕಸ ಸುರಿಯುವುದು ಇಲ್ಲಿನ ಹಳೇ ಚಾಳಿ. ಬೇಲಾ ಕ್ರಾಯಿನಾ ಪ್ರದೇಶದಲ್ಲಿ ಕೆಪಾಸಿಟರ್ ಕಾರ್ಖಾನೆಯೊಂದರ ತ್ಯಾಜ್ಯವೂ ಹಾಗೇ ಕುಳಿ ಸೇರಿತು. 1983ರಲ್ಲಿ ಕ್ರುಪಾ ಬುಗ್ಗೆಯ ನೀರಿನಲ್ಲಿ ಪಿಸಿಬಿ ಎಂಬ ವಿಷ ಪತ್ತೆಯಾಯಿತು. ಅದು ನೀರಿನಲ್ಲಿ ಅಷ್ಟಾಗಿ ಕರಗದು. ಬಿರುಕುಗಳ ಕೆಸರಿಗೆ ಅಂಟಿಕೊಂಡು ಮಳೆ ಬಂದಾಗಲೆಲ್ಲ ಸ್ವಲ್ಪಸ್ವಲ್ಪ ಬಿಡುಗಡೆಯಾಗುತ್ತದೆ. ಮೇಲಿನ ಮಣ್ಣನ್ನು ಅಗೆದು ತೆಗೆಯಬಹುದು, ಬಂಡೆಯ ಬಿರುಕನ್ನು ತೊಳೆಯುವುದು ಹೇಗೆ? ನೆಲದಡಿಯ ನೀರಿನಲ್ಲೇ ಬಾಳುವ ಕುರುಡು ಉಭಯಚರ ಪ್ರೋಟಿಯಸ್‌ನ ದೇಹದಲ್ಲೂ ಅಲ್ಲಿ ಪಿಸಿಬಿ ಸಿಕ್ಕಿದೆ.

ಆದ್ದರಿಂದ ಯಾವ ಕುಳಿಯ ನೀರು ಯಾವ ಬುಗ್ಗೆಗೆ ಹೋಗುತ್ತದೆ ಎಂದು ಮೊದಲೇ ತಿಳಿದಿರಬೇಕು. 1920ರ ದಶಕದಲ್ಲಿ ಗುರುತು ಹಾಕಿದ ಹಾವುಮೀನುಗಳನ್ನು ರೇಕಾದಲ್ಲಿ ಬಿಟ್ಟು ಟಿಮಾವೊದಲ್ಲಿ ಹಿಡಿದಿದ್ದರು. ಈಗ ಬಳಸುವುದು ಹೆಚ್ಚಾಗಿ ಯುರಾನಿನ್ ಎಂಬ ಬಣ್ಣ. ಪುಡಿ ಕೆಂಗಂದು, ನೀರಿನಲ್ಲಿ ಹೊಳೆಯುವ ಹಸಿರು. ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಬಣ್ಣದ ಹೊಳಪನ್ನು ಅಳೆಯುವ ಫ್ಲೋರಿಮೀಟರ್ ಎಂಬ ಉಪಕರಣ ಗುರುತಿಸುತ್ತದೆ. ಮೊದಲು ಬಣ್ಣ ಹಾಕದೆಯೇ ಎಲ್ಲ ಬುಗ್ಗೆಗಳ ಮಾದರಿ ತೆಗೆದು ಹಿನ್ನೆಲೆಯ ಮಟ್ಟ ಅಳೆಯಬೇಕು. ಹಿಂದಿನ ಪ್ರಯೋಗದ ಬಣ್ಣ ಇನ್ನೂ ಸೋರುತ್ತಿರಬಹುದು. ಬಿಲ ಒಣಗಿದ್ದರೆ ಟ್ಯಾಂಕರ್ ನೀರಿನಿಂದ ಬಣ್ಣವನ್ನು ಒಳಗೆ ತಳ್ಳಬೇಕು, ಇಲ್ಲವಾದರೆ ಅದು ಮೇಲಿನ ಮಣ್ಣಿನಲ್ಲೇ ಉಳಿಯುತ್ತದೆ. ಆಮೇಲೆ ಕೆಲವು ಗಂಟೆಗಳಿಗೊಮ್ಮೆ ಪ್ರತಿ ಬುಗ್ಗೆಯಿಂದಲೂ ಮಾದರಿ, ಅದೂ ಕಂದು ಬಾಟಲಿಯಲ್ಲಿ, ಏಕೆಂದರೆ ಬಿಸಿಲಿಗೆ ಯುರಾನಿನ್ ಬೇಗ ಹಾಳಾಗುತ್ತದೆ. ಹೆಚ್ಚು ಸುರಿದರೆ ಊರಿನ ನಲ್ಲಿಯಲ್ಲಿ ಹಸಿರು ನೀರು, ಕಡಿಮೆ ಸುರಿದರೆ ಇಡೀ ಶ್ರಮ ವ್ಯರ್ಥ. ಪ್ರಯೋಗ ಕೆಡಿಸುವುದು ಬಹಳ ಸಲ ಕೈಯೇ: ಬಣ್ಣ ಮುಟ್ಟಿದವರು ಮಾದರಿ ತೆಗೆಯಬಾರದು, ಅದೇ ವಾಹನದಲ್ಲಿ ಬಾಟಲಿ ಸಾಗಿಸಲೂಬಾರದು.

ಒಂದು ಸಲದ ಪ್ರಯೋಗವನ್ನು ನಂಬಿ ನಕಾಶೆ ಬರೆಯುವಂತೆಯೂ ಇಲ್ಲ. ಪಿವ್ಕಾ ಜಲಾನಯನದ ನೀರು ನೆಲದಡಿ ಕವಲೊಡೆದು, ಒಂದು ಪಾಲು ಲ್ಯುಬ್ಲಿಯಾನಿತ್ಸಾದ ಮೂಲಕ ಕಪ್ಪು ಸಮುದ್ರದ ಕಡೆಗೂ ಇನ್ನೊಂದು ಪಾಲು ವಿಪಾವಾ ಬುಗ್ಗೆಗಳ ಮೂಲಕ ಆಡ್ರಿಯಾಟಿಕ್ ಕಡೆಗೂ ಹೋಗುತ್ತದೆ. ನೀರಿನ ಮಟ್ಟ ಏರಿದಾಗ ಬತ್ತಿದ್ದ ಮೇಲಿನ ಸುರಂಗಗಳಲ್ಲೂ ಹರಿವು ಶುರುವಾಗಿ ಹಂಚಿಕೆ ಬದಲಾಗಬಹುದು. ಹಾಗಾಗಿ ಕುಡಿಯುವ ನೀರಿನ ಬುಗ್ಗೆಗೆ ರಕ್ಷಣಾ ವಲಯ ಗುರುತಿಸುವ ಮುನ್ನ ಇದೇ ಪ್ರಯೋಗವನ್ನು ತುಂಬು ನೀರಿನಲ್ಲಿ ಒಮ್ಮೆ, ಇಳಿ ನೀರಿನಲ್ಲಿ ಇನ್ನೊಮ್ಮೆ ಮಾಡಬೇಕಾಗುತ್ತದೆ.